ಬೇಟೆಗಾರನ ನೆಲಕ್ಕೆ ಪಹಣಿ ಇಲ್ಲ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ಟೆರೇಸ್ ಮೇಲೆ ಓಡಾಡ್ತಾ ಕೇಳ್ತಿರೋರಿಗೆ, ಹೊಲದ ಬದುವಿನ ಮೇಲೆ ಫೋನ್ ಇಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಕೇಳೋದಕ್ಕಿಂತ ಓದೋದು ಇಷ್ಟ ಅನ್ನೋರಿಗೆ ಈ ಕಂತಿನ ಪೂರ್ತಿ ಪಠ್ಯ ಇಲ್ಲಿದೆ.

ನಾನು ರಾಯಚೂರಲ್ಲಿ ಕೂತು ಮಾತಾಡ್ತಿದ್ದೇನೆ. ಆದರೆ ನಮ್ಮೂರು ದೇವದುರ್ಗ ತಾಲ್ಲೂಕಿನ ಒಂದು ದೊಡ್ಡಿ. ಊರ ಹಿಂದೆ ಒಂದು ಗುಡ್ಡ, ಗುಡ್ಡದ ಕೆಳಗೆ ಜಾಲಿ ಬೆಳೆದ ಮಸಾರಿ ಬೀಳು, ಅದರಾಚೆ ಒಂದು ಹಳ್ಳ. ಚಿಕ್ಕವನಿದ್ದಾಗ ನಮ್ಮ ತಾತ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ ತೋರಿಸ್ತಿದ್ದ: “ತಮ್ಮಾ, ಇಲ್ಲಿ ನೋಡು, ಮಲ ಮಲಗಿದ್ದ ಜಾಗ. ಹುಲ್ಲು ಹೆಂಗ ಒತ್ತೈತಿ ನೋಡು. ಆ ಕಲ್ಲಿನ ಹಿಂದ ಕೌಜುಗ ಮೊಟ್ಟಿ ಇಡತಾವ. ಅಲ್ಲಿ ಕಾಲಿಡಬ್ಯಾಡ.”

ನಾವು ಬೇಡ ನಾಯಕರು. ನಮ್ಮ ತಾತ ಯುಗಾದಿ ಬಂದ್ರೆ ಊರ ಗಂಡಸರ ಜೊತೆ ಬೇಟೆಗೆ ಹೋಗ್ತಿದ್ದವನು. ನಾನು ಹುಟ್ಟೋ ಹೊತ್ತಿಗೆ ಬಿಟ್ಟಿದ್ದ. ಆದರೆ ಆ ನೆಲದ ಲೆಕ್ಕ ಅವನ ತಲೇಲಿ ಹಾಗೇ ಇತ್ತು. ಯಾವ ತಿಂಗಳಲ್ಲಿ ಯಾವ ಹಕ್ಕಿ, ಯಾವ ಹೊತ್ತಿಗೆ ಯಾವ ದಾರಿ, ಹಳ್ಳದಲ್ಲಿ ನೀರು ಎಲ್ಲಿ ಕೊನೇವರೆಗೂ ನಿಲ್ಲುತ್ತೆ, ಎಲ್ಲಾ.

ಆ ಬೀಳಿನ ಪಹಣಿ ತೆಗೆಸಿದ್ರೆ ಮಾಲೀಕರ ಕಾಲಮ್ಮಿನಲ್ಲಿ ಒಂದೇ ಪದ: ಸರ್ಕಾರ.

ಇವತ್ತಿನ ಕಂತು ಇದರ ಬಗ್ಗೆ. ಸರ್ಕಾರ ತನ್ನ ಜಮೀನು ಮಾರಿದಾಗ, ಮಂಜೂರು ಮಾಡಿದಾಗ, ಕಂಪನಿಗೋ ಸಂಸ್ಥೆಗೋ ಕೊಟ್ಟಾಗ, ಆ ನೆಲದಲ್ಲಿ ಓಡಾಡಿ ಬದುಕಿದ ಬೇಟೆಗಾರ ಸಮುದಾಯಗಳಿಗೆ ಏನಾಗುತ್ತೆ? ಅವರು ಯಾಕೆ ಬಾಯಿ ಬಿಡಲ್ಲ? ಬಾಯಿ ಬಿಡೋಕೆ ದಾರಿ ಏನಾದರೂ ಇದೆಯಾ?

ಮೊದಲೇ ಒಂದು ಮಾತು

ಇದು ಬೇಟೆ ಸರಿ ಅಂತ ಹೇಳೋ ಕಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನ ನಿಷೇಧಿಸಿದೆ. ನಮ್ಮ ಕಡೆ ಚಿಗರಿ ಅಂತೀವಲ್ಲ, ಕೃಷ್ಣಮೃಗ, ಅದು ಮೊದಲನೇ ಅನುಸೂಚಿಯಲ್ಲಿದೆ. ಅದನ್ನ ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮೊಲಕ್ಕೂ ರಕ್ಷಣೆ ಇದೆ. “ಮೊಲ ತಾನೆ” ಅಂತ ಬಿಡೋ ಹಾಗಿಲ್ಲ. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. 2025ರ ಯುಗಾದಿ ಹೊತ್ತಿಗೆ ನಮ್ಮ ಜಿಲ್ಲೆಯಲ್ಲೇ ಮೊಲದ ಬೇಟೆಯ ವಿಡಿಯೊ ಹರಿದಾಡಿ ಪ್ರಕರಣ ದಾಖಲಾಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಕಾನೂನು ಇದೆ, ಇರಬೇಕು. ಆದರೆ ಆ ಕಾನೂನಿನ ನೆರಳು ಬೇಟೆ ಬಿಟ್ಟು ಎಷ್ಟೋ ವರ್ಷ ಆದವರ ಮೇಲೂ ಬೀಳುತ್ತೆ. ಅದು ಹೇಗೆ ಅನ್ನೋದೇ ಇವತ್ತಿನ ಕಥೆಯ ಗಂಟು.

ಯಾರು ಈ ಬೇಟೆಗಾರರು?

ರಾಯಚೂರು ಅಂದ್ರೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ದೋಆಬ್. ಇಲ್ಲಿ ಬೇಡರು, ನಾಯಕರು, ವಾಲ್ಮೀಕಿಗಳು ಅಂತ ಕರೆಸಿಕೊಳ್ಳುವ ಜನ ದೊಡ್ಡ ಸಂಖ್ಯೆಯಲ್ಲಿದ್ದಾರೆ. ದೇವದುರ್ಗ ಒಂದು ಕಾಲಕ್ಕೆ ಬೇಡ ಪಾಳೆಯಗಾರರ ಗಟ್ಟಿ ನೆಲೆ. ಪಕ್ಕದ ಸುರಪುರದ್ದು ಅದೇ ಕಥೆ. ಇವರ ಜೊತೆ ಹರಣಶಿಕಾರಿಗಳಿದ್ದಾರೆ. ಹೆಸರಲ್ಲೇ ಬೇಟೆ ಇದೆ: ಹರಣ ಅಂದ್ರೆ ಜಿಂಕೆ, ಶಿಕಾರಿ ಅಂದ್ರೆ ಬೇಟೆಗಾರ.

ಈ ಎರಡೂ ಸಮುದಾಯಗಳ ಮೇಲೆ ಹಳೇ ಸರ್ಕಾರಗಳ ಕಣ್ಣು ಕೆಟ್ಟದಾಗೇ ಬಿದ್ದಿತ್ತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಸಂಸ್ಥಾನದ ಹಲಗಲಿ ಬೇಡರು ಒಪ್ಪಲಿಲ್ಲ. ಆಯುಧ ಹೋದರೆ ಹೊಟ್ಟೆಪಾಡೂ ಹೋಗುತ್ತೆ, ಮಾನವೂ ಹೋಗುತ್ತೆ ಅನ್ನೋದು ಅವರ ಲೆಕ್ಕ. ಊರು ಸುಟ್ಟರು, ಹಿಡಿದವರನ್ನ ಗಲ್ಲಿಗೇರಿಸಿದರು. ಆಮೇಲೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ದೇಶದ ಹಲವು ಅಲೆಮಾರಿ ಮತ್ತು ಬೇಟೆಗಾರ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಆ ಕಾಯ್ದೆ ಹೋಗಿದ್ದು 1952ರಲ್ಲಿ. ಕಾಯ್ದೆ ಹೋಯ್ತು, ಪೊಲೀಸರನ್ನ ಕಂಡರೆ ಹಿಂದೆ ಸರಿಯೋ ಅಭ್ಯಾಸ ಹೋಗಲಿಲ್ಲ.

ಇವತ್ತು ಎರಡೂ ಸಮುದಾಯಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿವೆ. 2011ರ ಜನಗಣತಿ ಪ್ರಕಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು 19 ಪರ್ಸೆಂಟ್ ಪರಿಶಿಷ್ಟ ಪಂಗಡದವರು. ರಾಯಚೂರು ಲೋಕಸಭಾ ಕ್ಷೇತ್ರ ಎಸ್‌ಟಿ ಮೀಸಲು. ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ವಿಧಾನಸಭಾ ಕ್ಷೇತ್ರಗಳೂ ಎಸ್‌ಟಿ ಮೀಸಲು. ಓಟಿನ ಲೆಕ್ಕದಲ್ಲಿ ದನಿ ಇದೆ. ಆದರೆ ನೆಲದ ಲೆಕ್ಕದಲ್ಲಿ? ಸಂವಿಧಾನದ ಐದನೇ ಅನುಸೂಚಿ ಪ್ರಕಾರ ಘೋಷಣೆಯಾದ ಪ್ರದೇಶಗಳಲ್ಲಿ ಬುಡಕಟ್ಟು ಜನರ ಗ್ರಾಮಸಭೆಗೆ ಜಮೀನಿನ ವಿಷಯದಲ್ಲಿ ವಿಶೇಷ ಅಧಿಕಾರಗಳಿವೆ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ.

ಸರ್ಕಾರಿ ಜಮೀನು ಅಂದ್ರೆ ಏನು?

ಊರಲ್ಲಿ ಎಲ್ಲರೂ “ಸರಕಾರಿ ಜಾಗ” ಅಂತ ಒಂದೇ ಮಾತಲ್ಲಿ ಹೇಳಿಬಿಡ್ತಾರೆ. ಕಾಗದದಲ್ಲಿ ಅದು ಹಲವು ಬಗೆ. ಹಳೇ ಮೈಸೂರಿನ ಕಡೆ ಗೋಮಾಳ ಅನ್ನೋದನ್ನ ನಮ್ಮ ಕಡೆ ಗಾಯರಾಣ ಅಂತಾರೆ, ದನ ಕುರಿ ಮೇಯೋಕೆ ಬಿಟ್ಟ ನೆಲ. ನಿಜಾಮರ ಕಾಲದ ದಾಖಲೆಯಿಂದ ಬಂದ ಖಾರಿಜ್ ಖಾತಾ ಇದೆ, ಯಾರ ಖಾತೆಯಲ್ಲೂ ಇಲ್ಲದೆ ಸರ್ಕಾರಕ್ಕೆ ಸೇರಿದ್ದು. ಪರಂಪೋಕ್ ಇದೆ. ಹಳ್ಳ, ದಾರಿ, ಕೆರೆ ಅಂಗಳದಂಥ ಖರಾಬು ಇದೆ. ಅರಣ್ಯ ಇಲಾಖೆಯದ್ದು ಬೇರೆ, ನಮ್ಮ ಜಿಲ್ಲೆಯಲ್ಲಿ ಅದು ತೀರಾ ಕಡಿಮೆ.

ಈ ಕೊನೇ ಮಾತು ಮುಖ್ಯ. ಮಲೆನಾಡಿನಲ್ಲಿ ಕಾಡುಪ್ರಾಣಿ ಕಾಡಲ್ಲಿರುತ್ತೆ. ನಮ್ಮಲ್ಲಿ ಮೊಲ, ಕೌಜುಗ, ಲಾವಕ್ಕಿ, ನರಿ, ಉಡ ಹೆಚ್ಚಾಗಿ ಇರೋದೇ ಗಾಯರಾಣ, ಗುಡ್ಡ, ಹಳ್ಳದ ದಂಡೆಯಲ್ಲಿ. ಕಂದಾಯ ಇಲಾಖೆಯ ಕಣ್ಣಿಗೆ ಬರೀ ಬೀಳಾಗಿ ಕಾಣೋ ಜಾಗದಲ್ಲಿ.

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಊರಿನ ದನಕರುಗಳ ಮೇವಿಗೆ, ಇನ್ನಿತರ ಸಾರ್ವಜನಿಕ ಕೆಲಸಕ್ಕೆ ಜಮೀನು ಮೀಸಲಿಡಬಹುದು. ಎಷ್ಟು? 1966ರ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಹತ್ತಿರ ಹತ್ತಿರ 30 ಎಕರೆ.

ಓದೋಕೆ ಚೆನ್ನಾಗಿದೆ. ಆದರೆ ಇದನ್ನ ತಿರುಗಿಸಿ ಓದಿ. ಊರಲ್ಲಿ ಟ್ರ್ಯಾಕ್ಟರ್ ಬಂತು, ಎತ್ತು ಕಡಿಮೆ ಆದ್ವು. ಜಾನುವಾರು ಕಡಿಮೆ ಆದ್ರೆ ಕಾಗದದಲ್ಲಿ ಗಾಯರಾಣ “ಹೆಚ್ಚುವರಿ” ಆಗುತ್ತೆ. ಹೆಚ್ಚುವರಿ ಅಂತಾದ ಮೇಲೆ ಬೇರೆ ಕೆಲಸಕ್ಕೆ ಕೊಡೋ ದಾರಿ ಸಲೀಸು. ಈ ಲೆಕ್ಕದಲ್ಲಿ ಎಮ್ಮೆ, ಎತ್ತು, ಆಕಳಿಗೆ ಜಾಗ ಇದೆ. ಮೊಲಕ್ಕೆ ಇಲ್ಲ, ಕೌಜುಗಕ್ಕೆ ಇಲ್ಲ. ಅಲ್ಲಿ ಜೇನು ಬಿಡಿಸೋನಿಗೆ, ಕಟ್ಟಿಗೆ ತರೋ ಅವ್ವನಿಗೆ, ಸೊಪ್ಪು ಕೀಳೋ ಅಜ್ಜಿಗೆ ಇಲ್ಲ. ನಮ್ಮ ತಾತನಂಥವರಿಗಂತೂ ಇಲ್ಲವೇ ಇಲ್ಲ.

ಜಮೀನು ಕೈ ಬದಲಾಗೋದು ಹೇಗೆ?

ಮಾರಾಟ ಅಂದ ತಕ್ಷಣ ಹರಾಜು ನೆನಪಾಗುತ್ತೆ. ಅದು ಒಂದು ದಾರಿ ಅಷ್ಟೇ. 1969ರ ಭೂ ಮಂಜೂರಾತಿ ನಿಯಮಗಳಡಿ ಭೂಹೀನರಿಗೆ, ಮಾಜಿ ಸೈನಿಕರಿಗೆ, ಸಂಸ್ಥೆಗಳಿಗೆ ಮಂಜೂರು ಮಾಡೋದು ಎರಡನೇದು. ಗುತ್ತಿಗೆ ಮೂರನೇದು. ಗುತ್ತಿಗೆ ಕೊಟ್ಟು ವರ್ಷಗಳಾದ ಮೇಲೆ ಅದನ್ನೇ ಕ್ರಯ ಮಾಡಿಕೊಡೋದು ನಾಲ್ಕನೇದು. ಅಕ್ರಮ ಸಾಗುವಳಿಯನ್ನ ಸಕ್ರಮ ಮಾಡೋದು, ಅಂದ್ರೆ ಬಗರ್ ಹುಕುಂ, ಐದನೇದು. ಫಾರಂ 50, 53, 57 ಅಂತ ಮನೇಲಿ ಹಿರಿಯರು ಮಾತಾಡೋದು ಕೇಳಿರ್ತೀರಿ, ಅದೇ ಇದು.

ನಾಲ್ಕನೇ ದಾರಿಗೆ ಉದಾಹರಣೆ ಬೇಕಂದ್ರೆ ಪಕ್ಕದ ಬಳ್ಳಾರಿ ಜಿಲ್ಲೆಗೆ ಬನ್ನಿ. ಸಂಡೂರು ತಾಲ್ಲೂಕಿನ ತೋರಣಗಲ್ ಸುತ್ತ ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಮತ್ತು ಕ್ರಯದ ಕರಾರಿನಲ್ಲಿ ಕೊಟ್ಟಿದ್ದ 3,667 ಎಕರೆ. ಅದನ್ನ ಪೂರ್ತಿ ಕ್ರಯ ಮಾಡಿಕೊಡೋ ವಿಚಾರ 2019ರಲ್ಲಿ ಗದ್ದಲ ಎಬ್ಬಿಸ್ತು. 2021ರಲ್ಲಿ ಸಂಪುಟ ತೀರ್ಮಾನ ತಗೊಂಡು ತಡೆಹಿಡೀತು. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ತು. ಮೂರು ಸಲವೂ ಚರ್ಚೆ ಬಹುಪಾಲು ಒಂದರ ಸುತ್ತ: ಎಕರೆಗೆ ಇಷ್ಟು ಕಡಿಮೆ ರೇಟಾ? ಸರಿಯಾದ ಪ್ರಶ್ನೆ. ಆದರೆ ಅದಕ್ಕಿಂತ ಹಿಂದಿನ ಪ್ರಶ್ನೆ, ಅಂದ್ರೆ ಗುತ್ತಿಗೆಗೆ ಕೊಡೋ ಮುಂಚೆ ಆ ನೆಲ ಯಾರ ಬಳಕೆಯಲ್ಲಿತ್ತು ಅನ್ನೋದು, ಅಷ್ಟೊತ್ತಿಗೆ ಕೇಳೋರಿಲ್ಲದ ಪ್ರಶ್ನೆ ಆಗಿತ್ತು.

ಇನ್ನೊಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯದ್ದು. ಅಲ್ಲಿ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆ ಬಿಟ್ಟ ಕಾವಲುಗಳಿವೆ. ಹುಲ್ಲುಗಾವಲು, ಚಿಗರಿ ಓಡಾಡೋ ನೆಲ. 2009ರ ನಂತರ ಡಿಆರ್‌ಡಿಒ, ಬಾರ್ಕ್, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಇತ್ಯಾದಿಗಳಿಗೆ ಸಾವಿರಾರು ಎಕರೆ ಹಂಚಿಕೆಯಾಯ್ತು. ಡಿಆರ್‌ಡಿಒ ಒಂದಕ್ಕೇ 4 ಸಾವಿರ ಎಕರೆಗೂ ಹೆಚ್ಚು. ಗೋಡೆ ಏಳೋಕೆ ಶುರುವಾದ ಮೇಲೆ ದನ ಕುರಿ ಕಾಯೋ ಊರಿನವರು ಬೀದಿಗಿಳಿದರು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯ್ತು. ಅಲ್ಲಿ ಕುರಿಗಾಹಿಗಳು, ದನ ಕಾಯೋರು ಎದ್ದು ನಿಂತು “ಇದು ನಮ್ಮ ಮೇವಿನ ನೆಲ” ಅಂದರು. ಅದನ್ನ ಹೇಳೋದು ಅಪರಾಧ ಅಲ್ಲ. ಹಾಗಾಗಿ ಹೇಳಿದರು.

ಬೇಟೆಗಾರ ಅದೇ ರೀತಿ ಎದ್ದು ನಿಂತು ಏನಂತ ಹೇಳಬೇಕು?

ಗಂಟು ಇಲ್ಲೇ ಇದೆ

ಅಮೆರಿಕದ ಒಂದು ಘಟನೆ ಇಟ್ಟು ನೋಡಿದ್ರೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಅಲ್ಲಿನ ಪಶ್ಚಿಮ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಜಮೀನು ಕೋಟ್ಯಂತರ ಎಕರೆ ಇದೆ. 2017ರಲ್ಲಿ ಸುಮಾರು 33 ಲಕ್ಷ ಎಕರೆ ಮಾರಬೇಕು ಅಂತ ಒಬ್ಬ ಸಂಸದ ಮಸೂದೆ ತಂದರು. ಗಲಾಟೆ ಮಾಡಿದವರಲ್ಲಿ ಮುಂದಿದ್ದವರು ಬೇಟೆಗಾರರು, ಮೀನು ಹಿಡಿಯೋರು. ಕೆಲವೇ ದಿನಗಳಲ್ಲಿ ಅವರು ಮಸೂದೆ ವಾಪಸ್ ತಗೊಳ್ತೀನಿ ಅಂದರು. 2025ರ ಜೂನ್‌ನಲ್ಲಿ ಮತ್ತೆ ಬಜೆಟ್ ಮಸೂದೆಯೊಳಗೆ 20 ಲಕ್ಷ ಎಕರೆಗೂ ಮೀರಿ ಮಾರೋ ಪ್ರಸ್ತಾವ ಬಂತು. ಮತ್ತೆ ಅವರೇ ಎದ್ದರು, ಪ್ರಸ್ತಾವ ಬಿತ್ತು.

ಅವರಿಗೆ ಆ ಬಲ ಎಲ್ಲಿಂದ ಬಂತು? ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ. ಶುಲ್ಕ ಕಟ್ಟುತ್ತಾರೆ. ಅಂದ್ರೆ ಅವರ ಬಳಕೆ ಸರ್ಕಾರದ ಪುಸ್ತಕದಲ್ಲೇ ಇದೆ. “ಪ್ರತಿ ವರ್ಷ ನಾನು ಈ ಬೆಟ್ಟಕ್ಕೆ ಬರ್ತೀನಿ” ಅಂತ ಎದೆ ತಟ್ಟಿ ಹೇಳಬಹುದು.

ನಮ್ಮಲ್ಲಿ ಅದೇ ಮಾತು ಹೇಳಿದ್ರೆ ತಪ್ಪೊಪ್ಪಿಗೆ ಆಗುತ್ತೆ. ಬೇಟೆ ಬಿಟ್ಟು 30 ವರ್ಷ ಆಗಿರಲಿ, “ನನಗೆ ಈ ನೆಲ ಗೊತ್ತು” ಅಂದ ತಕ್ಷಣ “ಹೆಂಗ ಗೊತ್ತು?” ಅನ್ನೋ ಪ್ರಶ್ನೆ ಬರುತ್ತೆ. ಹಾಗಾಗಿ ನೆಲವನ್ನ ಚೆನ್ನಾಗಿ ಬಲ್ಲವರೇ ಸುಮ್ಮನಿರ್ತಾರೆ. ಅಧಿಕಾರಿ ಬಂದು “ಇಲ್ಲಿ ಏನಾದ್ರೂ ಐತೇನು?” ಅಂದ್ರೆ “ಏನಿಲ್ರೀ ಸಾಹೇಬ್ರ, ಬರೇ ಜಾಲಿ” ಅಂತಾರೆ. ಆ ಉತ್ತರ ಕಡತಕ್ಕೆ ಹೋಗುತ್ತೆ. ಬಳಕೆ ಇಲ್ಲದ ಬೀಳು ಅಂತ ದಾಖಲಾಗುತ್ತೆ.

ಕಾನೂನುಗಳೂ ಈ ವಿಷಯದಲ್ಲಿ ಒಂದೇ ಮಾತು ಆಡಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮೇವು, ಕಿರು ಅರಣ್ಯ ಉತ್ಪನ್ನ, ಅಲೆಮಾರಿಗಳ ಋತುಮಾನದ ಬಳಕೆ ಎಲ್ಲದಕ್ಕೂ ಹಕ್ಕು ಕೊಡುತ್ತೆ. ಬೇಟೆಯನ್ನ ಮಾತ್ರ ಹೆಸರಿಟ್ಟು ಹೊರಗಿಡುತ್ತೆ. ಅದೂ ಅರಣ್ಯ ಭೂಮಿಗೆ ಮಾತ್ರ, ಗಾಯರಾಣಕ್ಕಲ್ಲ. ಇನ್ನೊಂದು ಕಡೆ 2013ರ ಭೂಸ್ವಾಧೀನ ಕಾಯ್ದೆ ಇದೆ. ಅದರಲ್ಲಿ ಸಂತ್ರಸ್ತ ಕುಟುಂಬ ಅಂದ್ರೆ ಯಾರು ಅಂತ ಹೇಳುವಾಗ ಕಾಡು ಮತ್ತು ನೀರಿನ ಆಸರೆಯಲ್ಲಿ ಬದುಕೋರನ್ನ ಸೇರಿಸಿ, ಮೀನುಗಾರರು, ಅಂಬಿಗರ ಜೊತೆಗೆ “ಬೇಟೆಗಾರರು” ಅನ್ನೋ ಪದವನ್ನೂ ಬರೆದಿದ್ದಾರೆ. ನಿಜ. ಒಂದು ಕಾಯ್ದೆ ಬೇಟೆಗಾರನನ್ನ ಜೈಲಿಗೆ ಕಳಿಸುತ್ತೆ, ಇನ್ನೊಂದು ಅವನ ಜೀವನೋಪಾಯ ಹೋದರೆ ಪುನರ್ವಸತಿ ಅನ್ನುತ್ತೆ.

ಆದರೆ ಈ ಎರಡನೇ ಕಾಯ್ದೆ ಚಾಲೂ ಆಗೋದು ಸರ್ಕಾರ ಬೇರೆಯವರ ಜಮೀನು ಸ್ವಾಧೀನ ಮಾಡಿಕೊಂಡಾಗ. ತನ್ನದೇ ಹೆಸರಲ್ಲಿರೋ ಗಾಯರಾಣವನ್ನ ತಾನೇ ಯಾರಿಗೋ ಬರೆದುಕೊಟ್ಟರೆ ಅದು ಸ್ವಾಧೀನ ಅಲ್ಲ. ಪರಿಹಾರ ಇಲ್ಲ, ಸಾಮಾಜಿಕ ಪರಿಣಾಮದ ಅಧ್ಯಯನ ಇಲ್ಲ. ಯಾವುದೇ ಯೋಜನೆ ಬಂದರೂ ಮೊದಲು ಸರ್ಕಾರಿ ಜಮೀನನ್ನೇ ಹುಡುಕೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಅಲ್ಲಿ ಕಾಗದದ ಪ್ರಕಾರ ಕಳೆದುಕೊಳ್ಳೋರು ಯಾರೂ ಇಲ್ಲ.

ಮಾನ್ವಿ ಕಡೆ ಹೋದರೆ

ಎಲ್ಲಾ ತಪ್ಪನ್ನ ಮಾರಾಟದ ಮೇಲೆ ಹಾಕೋಕೂ ಆಗಲ್ಲ. ಮಾನ್ವಿ ತಾಲ್ಲೂಕಿಗೆ ಹೋದರೆ ಕಾಣೋದು ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ. 1950ರ ದಶಕದಲ್ಲಿ ಅಣೆಕಟ್ಟು ಬಂದು ಕಾಲುವೆ ನೀರು ಹರಿದ ಮೇಲೆ ಒಣಬೇಸಾಯದ ನೆಲದ ಚಹರೆಯೇ ಬದಲಾಯ್ತು. ಜೋಳದ ಹೊಲ, ಬೀಳು, ಬದು ಇದ್ದಲ್ಲಿ ಕೆಸರುಗದ್ದೆ. ದೇವದುರ್ಗದ ಕಡೆ ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆ ಬಂತು.

ಅದು ಕೆಟ್ಟದ್ದಾಯ್ತು ಅಂತ ನಾನು ಹೇಳಲ್ಲ. ಬರದ ಸೀಮೆ ಇದು. ಗುಳೆ ಹೋಗೋ ಸೀಮೆ. ನೀರು ಬಂದ ಊರಲ್ಲಿ ಅನ್ನ ಬಂತು. ಆದರೆ ನೀರು ಬಂದ ಮೇಲೆ ಪ್ರತಿ ಎಕರೆಗೂ ಬೆಲೆ ಬಂತು. ಬೆಲೆ ಬಂದ ಮೇಲೆ ಗಾಯರಾಣ ಯಾರಿಗೂ ಬೀಳಾಗಿ ಕಾಣಲಿಲ್ಲ. ಬದು ಸರಿಸಿದರು, ಹಳ್ಳದ ದಂಡೆ ಉತ್ತರು. ಕೌಜುಗ ಕಡಿಮೆ ಆಗಿದ್ದಕ್ಕೆ ಬಲೆ ಹಾಕಿದವನೊಬ್ಬನೇ ಕಾರಣ ಅಲ್ಲ. ಅದು ಮೊಟ್ಟೆ ಇಡೋ ಕಲ್ಲೇ ಇಲ್ಲದ ಹಾಗೆ ನೆಲ ಸಪಾಟಾಗಿದ್ದೂ ಕಾರಣ. ಆದರೆ ಕೇಸ್ ಆಗೋದು ಬಲೆಗೆ ಮಾತ್ರ.

ನಮ್ಮ ಮನೆಯ ಮೂರು ಎಕರೆ

ಈಗ ನನ್ನ ಮನೆಯ ಕಥೆ ಹೇಳದೆ ಹೋದರೆ ಪ್ರಾಮಾಣಿಕ ಆಗಲ್ಲ.

ತಾತ ತೋರಿಸಿದ ಆ ಬೀಳಿನಲ್ಲಿ ಮೂರು ಎಕರೆ ಈಗ ನಮ್ಮಪ್ಪನ ಹೆಸರಲ್ಲಿದೆ. ಅಪ್ಪ ಜಾಲಿ ಕಿತ್ತು, ಕಲ್ಲು ಆರಿಸಿ, ವರ್ಷಗಟ್ಟಲೆ ಉತ್ತ. ಫಾರಂ 53ರಲ್ಲಿ ಅರ್ಜಿ ಹಾಕಿದ. ತಹಶೀಲ್ದಾರ್ ಕಚೇರಿಗೆ ಎಷ್ಟು ಸಲ ಹೋದನೋ ಲೆಕ್ಕ ಇಟ್ಟಿಲ್ಲ. ಕೊನೆಗೆ ಸಾಗುವಳಿ ಚೀಟಿ ಸಿಕ್ತು. ನಾನು ಓದಿದ್ದು ಆ ಹೊಲದ ತೊಗರಿ, ಹತ್ತಿಯಿಂದ. ಆ ಮೂರು ಎಕರೆ ಇಲ್ಲದಿದ್ದರೆ ನಾನೂ ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ ಇಟ್ಟಿಗೆ ಹೊರ್ತಿದ್ದೆ.

ಅಪ್ಪ ಉಳೋಕೆ ಶುರು ಮಾಡಿದ ವರ್ಷ ತಾತ ಆ ಕಡೆ ಹೋಗೋದನ್ನ ನಿಲ್ಲಿಸಿದ ಅಂತ ಅವ್ವ ಹೇಳ್ತಾಳೆ. ಜಗಳ ಆಡಲಿಲ್ಲ. ಒಂದೇ ಮಾತಂದನಂತೆ: “ಉಣ್ಣಾಕ ಬೇಕಲ್ಲಪ. ಮಾಡು. ಆದ್ರ ಆ ಹಳ್ಳದ ಕಡಿ ಒಂದೀಟು ಬಿಡು.”

ಅಪ್ಪ ಬಿಟ್ಟಿದ್ದಾನೆ. ಹಳ್ಳದ ಕಡೆ ಒಂದು ಪಟ್ಟಿ ಇನ್ನೂ ಹಾಗೇ ಇದೆ.

ಹಾಗಾಗಿ ಸರ್ಕಾರಿ ಜಮೀನು ಒಂದು ಇಂಚೂ ಯಾರಿಗೂ ಕೊಡಬಾರದು ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ಭೂಹೀನ ಕುಟುಂಬಕ್ಕೆ ಮೂರು ಎಕರೆ ಕೊಡೋದೂ ಮೂರು ಸಾವಿರ ಎಕರೆಗೆ ಒಂದೇ ಸಲ ಬೇಲಿ ಹಾಕಿಸೋದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಅದೇ ಊರಿನವನು ಉಳೀತಾನೆ, ದಾರಿ ಉಳಿಯುತ್ತೆ, ಹಳ್ಳ ಉಳಿಸು ಅಂತ ತಾತ ಮಗನಿಗೆ ಹೇಳಬಹುದು. ಎರಡನೆಯದರಲ್ಲಿ ಹೇಳೋಕೆ ಎದುರಿಗೆ ಯಾರೂ ಇರಲ್ಲ, ಒಬ್ಬ ವಾಚ್‌ಮನ್ ಇರ್ತಾನೆ.

ಕಾನೂನೂ ಈ ವ್ಯತ್ಯಾಸವನ್ನ ಸ್ವಲ್ಪ ಮಟ್ಟಿಗೆ ಗುರುತಿಸಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಬೇರೆಯವರು ಸುಮ್ಮನೆ ಬರೆಸಿಕೊಳ್ಳದ ಹಾಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ವ್ಯವಹಾರ ಊರ್ಜಿತ ಅಲ್ಲ. ವಾಪಸ್ ಕೇಳೋಕೆ ತಡವಾಯ್ತು ಅನ್ನೋ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗ್ತಿದ್ದವು, 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯ ಆ ತೊಡಕನ್ನ ತೆಗೆದರು. ಇನ್ನು ಊರೊಟ್ಟಿನ ಜಮೀನಿನ ಬಗ್ಗೆ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಖಡಕ್ಕಾಗೇ ಹೇಳಿದೆ: ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಊರಿಗೆ ವಾಪಸ್ ಕೊಡಿ, ಅದಕ್ಕೆ ಎಲ್ಲ ರಾಜ್ಯಗಳೂ ಯೋಜನೆ ಮಾಡಿ, ಅಂತ. ಭೂಹೀನ ಕಾರ್ಮಿಕರಿಗೆ, ಪರಿಶಿಷ್ಟರಿಗೆ ಸರ್ಕಾರದ ಆದೇಶದಂತೆ ಕೊಟ್ಟದ್ದಕ್ಕೆ, ಶಾಲೆ, ದವಾಖಾನೆಯಂಥ ಸಾರ್ವಜನಿಕ ಕೆಲಸ ಆಗಲೇ ನಡೀತಿರೋ ಕಡೆ ವಿನಾಯಿತಿಗೂ ಜಾಗ ಇಟ್ಟಿದೆ.

ಹಾಗಾದ್ರೆ ನಾವೇನು ಮಾಡಬಹುದು?

ಕೈಯಲ್ಲಿ ಫೋನ್ ಇದೆ, ಅಲ್ಲಿಂದಲೇ ಶುರು ಮಾಡಿ.

ಒಂದು, ದಿಶಾಂಕ್ ಆ್ಯಪ್. ರಾಜ್ಯ ಸರ್ಕಾರದ್ದೇ. ಊರಿನ ಗುಡ್ಡದ ಮೇಲೆ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಆ ನಂಬರ್ ಹಿಡಿದು ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿ. ಮಾಲೀಕರ ಕಾಲಮ್ಮಿನಲ್ಲಿ ಏನಿದೆ? ಸರ್ಕಾರಾನಾ, ಗಾಯರಾಣಾನಾ, ಅರಣ್ಯಾನಾ? ಹಳೇ ಪಹಣಿಗೂ ಈಗಿನದಕ್ಕೂ ವಿಸ್ತೀರ್ಣ ಕಡಿಮೆ ಆಗಿದೆಯಾ? ಸ್ಕ್ರೀನ್‌ಶಾಟ್ ತೆಗೆದಿಡಿ.

ಎರಡು, ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದ್ದು ಸರಳ: ನಮ್ಮ ಗ್ರಾಮದಲ್ಲಿ 71ನೇ ಕಲಂ ಅಡಿ ಮೀಸಲಿಟ್ಟ ಜಮೀನು ಯಾವ ಯಾವ ಸರ್ವೆ ನಂಬರಿನಲ್ಲಿ ಎಷ್ಟಿದೆ? ಅದರಲ್ಲಿ ಇಲ್ಲಿಯವರೆಗೆ ಎಷ್ಟನ್ನ, ಯಾವ ಆದೇಶದಲ್ಲಿ, ಯಾರಿಗೆ ಕೊಟ್ಟಿದ್ದೀರಿ? ಊರಿನ ಜಾನುವಾರು ಸಂಖ್ಯೆ ಎಷ್ಟು ಅಂತ ಲೆಕ್ಕ ಹಿಡಿದಿದ್ದೀರಿ? ಈ ಕೊನೇ ಪ್ರಶ್ನೆ ಮರೀಬೇಡಿ. “ಹೆಚ್ಚುವರಿ” ಅನ್ನೋ ಪದ ಹುಟ್ಟೋದೇ ಅಲ್ಲಿ.

ಮೂರು, ನನಗೆ ತುಂಬಾ ಮುಖ್ಯ ಅನಿಸೋದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಪಕ್ಷಿ, ಅದರ ಬಗ್ಗೆ ಜನರಿಗಿರೋ ತಿಳಿವಳಿಕೆ ಎಲ್ಲಾ ಸೇರಿಸಿ ಒಂದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಎಷ್ಟೋ ಕಡೆ ಇದು ಕಪಾಟಿನಲ್ಲಿ ಧೂಳು ತಿನ್ನೋ ಪುಸ್ತಕ. ಆದರೆ ಆಲೋಚನೆ ಮಾಡಿ. “ನಾನು ಇಲ್ಲಿ ಬೇಟೆ ಆಡಿದೆ” ಅಂತ ಯಾರೂ ಹೇಳಬೇಕಾಗಿಲ್ಲ. “ಈ ಸರ್ವೆ ನಂಬರಿನ ಹಳ್ಳದ ದಂಡೆಯಲ್ಲಿ ಕೌಜುಗ ಮೊಟ್ಟೆ ಇಡುತ್ತೆ, ಈ ಗುಡ್ಡದಲ್ಲಿ ಮೊಲ ಇದೆ, ಬೇಸಿಗೆಯಲ್ಲಿ ನೀರು ನಿಲ್ಲೋದು ಇಲ್ಲೇ” ಅಂತ ಬರೆಸಿದರೆ ಸಾಕು. ತಾತಂದಿರ ತಲೆಯಲ್ಲಿರೋದು ಸರ್ಕಾರದ ಪುಸ್ತಕಕ್ಕೇ ಹೋಗುತ್ತೆ. ಬೇಟೆಗಾರನಾಗಿ ಹೇಳೋಕಾಗದ್ದನ್ನ ನೆಲ ಬಲ್ಲವನಾಗಿ ಹೇಳಬಹುದು. ನಾಳೆ ಯಾರಾದರೂ “ಇದು ಬಳಕೆ ಇಲ್ಲದ ಬೀಳು” ಅಂತ ಕಡತ ಮಂಡಿಸಿದರೆ, ಅಲ್ಲ ಅನ್ನೋಕೆ ಒಂದು ಕಾಗದ ಇರುತ್ತೆ. ಆ ಕಾಗದವೊಂದೇ ಮಾರಾಟ ನಿಲ್ಲಿಸುತ್ತೆ ಅಂತ ನಾನು ಭರವಸೆ ಕೊಡಲ್ಲ. ಆದರೆ ಏನೂ ಇಲ್ಲದ ಕಡೆ ವಾದವೇ ಹುಟ್ಟಲ್ಲ.

ನಾಲ್ಕು, ಗ್ರಾಮಸಭೆ. ವರ್ಷಕ್ಕೆ ಕನಿಷ್ಠ ಎರಡು ಸಲ ನಡೀಬೇಕು. ಹೋಗಿ. ಗಾಯರಾಣದ ವಿಷಯ ಎತ್ತಿ, ನಡವಳಿ ಪುಸ್ತಕದಲ್ಲಿ ಬರೆಸಿ. ಮಾತಾಡಿದ್ದು ಗಾಳಿಗೆ ಹೋಗುತ್ತೆ, ಬರೆಸಿದ್ದು ಉಳಿಯುತ್ತೆ.

ಮುಗಿಸೋ ಮುಂಚೆ

ಈ ಕಂತಿಗೆ ಸಿದ್ಧತೆ ಮಾಡುವಾಗ ಊರಿಗೆ ಹೋಗಿದ್ದೆ. ತಾತ ಈಗಿಲ್ಲ. ಅವನ ಜೊತೆ ಓಡಾಡ್ತಿದ್ದ ಒಬ್ಬ ಹಿರಿಯ ಇದ್ದಾನೆ, ನಾನು ದೊಡ್ಡಪ್ಪ ಅಂತ ಕರೀತೀನಿ. ರೆಕಾರ್ಡರ್ ತೆಗೆದ ತಕ್ಷಣ ಸುಮ್ಮನಾದ. “ಅದನ್ನ ಒಳಗ ಇಡು ತಮ್ಮಾ” ಅಂದ. ಇಟ್ಟೆ. ಫೋನ್ ಕೂಡ ಮನೇಲೇ ಬಿಟ್ಟು ಇಬ್ಬರೂ ಗುಡ್ಡದ ಕಡೆ ನಡೆದ್ವಿ.

ಎರಡು ತಾಸು ಮಾತಾಡಿದ. ಬೇಟೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾವ ಗಿಡದ ತೊಗಟೆ ಯಾವ ನೋವಿಗೆ, ಮಳೆ ಬರೋ ಮುಂಚೆ ಇರುವೆ ಎಲ್ಲಿ ಮೊಟ್ಟೆ ಸಾಗಿಸುತ್ತೆ, ಹಳ್ಳದ ಯಾವ ತಿರುವಿನಲ್ಲಿ ಕೈಯಿಂದ ಮರಳು ತೋಡಿದರೆ ಏಪ್ರಿಲ್‌ನಲ್ಲೂ ನೀರು ಬರುತ್ತೆ. ತೋಡಿ ತೋರಿಸಿದ. ಬಂತು.

ವಾಪಸ್ ಬರುವಾಗ ಕೇಳಿದೆ, “ದೊಡ್ಡಪ್ಪ, ಪಂಚಾಯಿತಿಯಾಗ ಇದನ್ನೆಲ್ಲ ಬರ್ಸೋಣೇನು? ನಿನ್ನ ಹೆಸರು ಹಾಕಂಗಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: “ಹೆಸರು ಹಾಕಿದ್ರೂ ನಡಿತೈತಿ. ನೀರಿನ ಸುದ್ದಿ ತಾನೇ.”

ಮುಂದಿನ ಗ್ರಾಮಸಭೆಗೆ ಇಬ್ಬರೂ ಹೋಗ್ತಿದ್ದೇವೆ. ನಿಮ್ಮೂರಲ್ಲೂ ಇಂಥ ದೊಡ್ಡಪ್ಪ ಒಬ್ಬರು ಇರ್ತಾರೆ. ಈ ವಾರ ಅವರ ಜೊತೆ ಒಂದು ಸುತ್ತು ನಡೆದು ಬನ್ನಿ, ಆಮೇಲೆ ಆ ಜಾಗದ ಪಹಣಿ ತೆಗೆದು ನೋಡಿ. ಎರಡರಲ್ಲೂ ಏನು ಸಿಕ್ತು ಅಂತ ನಮಗೂ ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ. ಬರ್ಲಾ?